ಕರೆಂಟ್ ಬಿಲ್ ಏರುತ್ತಿದೆಯಾ? ಮನೆಯ ಲೋಡ್ ಸರಿಯಾಗಿ ಆರಿಸುವುದು ಹೇಗೆ

ಕೆಲವು ದೇಶಗಳಲ್ಲಿ ಕರೆಂಟ್ ದುಬಾರಿ ಆದರೆ ಜನ ಕಂಪನಿ ಬದಲಿಸುತ್ತಾರೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಆ ಮಾತಿಲ್ಲ. ನಮಗೆ ಇರುವುದು ಜೆಸ್ಕಾಂ ಒಂದೇ. ದರ ಹೇಳುವುದು ಬೆಂಗಳೂರಿನ ವಿದ್ಯುತ್ ನಿಯಂತ್ರಣ ಆಯೋಗ. ಹಾಗಂತ ನಮ್ಮ ಕೈಯಲ್ಲಿ ಏನೂ ಇಲ್ಲ ಅಂದುಕೊಳ್ಳಬೇಡಿ. ಮನೆಗೆ ಎಷ್ಟು ಕಿಲೋವ್ಯಾಟ್ ಲೋಡ್ (ಅಂದರೆ ಒಮ್ಮೆಗೆ ಎಳೆಯುವ ಕರೆಂಟ್) ಬೇಕು, ತಿಂಗಳಿಗೆ ಎಷ್ಟು ಯೂನಿಟ್ ಒಳಗೆ ಇರಬೇಕು, ಈ ಎರಡನ್ನೂ ನಾವೇ ಆರಿಸಬಹುದು. ಹೆಚ್ಚಿನವರು ತಪ್ಪುವುದು ಇಲ್ಲೇ.

ಹೆಜ್ಜೆ 1: ಹಳೆಯ ಬಿಲ್ ಹುಡುಕಿ

ಒಂದು ಬೇಸಿಗೆಯದು, ಒಂದು ಚಳಿಗಾಲದ್ದು, ಎರಡು ಬಿಲ್ ಸಾಕು. ಮಂಜೂರಾದ ಲೋಡ್, ಬಳಸಿದ ಯೂನಿಟ್, ನಿಗದಿತ ಶುಲ್ಕ, ಈ ಮೂರಕ್ಕೆ ಗುರುತು ಹಾಕಿ.

ನಿಗದಿತ ಶುಲ್ಕ ಅಂದರೆ ಮನೆಯಲ್ಲಿ ಒಂದು ಬಲ್ಬೂ ಉರಿಯದಿದ್ದರೂ ಬೀಳುವ ಹಣ. 2025ರ ಏಪ್ರಿಲ್‌ನಲ್ಲಿ ಮನೆ ಬಳಕೆಯ ದರ ಯೂನಿಟ್‌ಗೆ 5.90ರಿಂದ 5.80 ರೂಪಾಯಿಗೆ ಇಳಿಯಿತು. ಎಲ್ಲರೂ ಅದನ್ನೇ ನೋಡಿದರು. ಅದೇ ದಿನ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ರೂಪಾಯಿಗೆ ಏರಿತು. ಜೊತೆಗೆ ಪಿಂಚಣಿ, ಗ್ರಾಚ್ಯುಟಿ ಬಾಬ್ತು ಯೂನಿಟ್‌ಗೆ 36 ಪೈಸೆ ಸೇರಿತು. ಅದಕ್ಕೇ ದರ ಇಳಿದರೂ ಬಿಲ್ ಇಳಿಯಲಿಲ್ಲ. ಈ ಲೇಖನದ ಲೆಕ್ಕವೆಲ್ಲ 2025-26ರ ದರದಲ್ಲಿದೆ. ನಿಮ್ಮ ಬಿಲ್‌ನಲ್ಲಿ ಬೇರೆ ದರ ಇದ್ದರೆ ಅದನ್ನು ಹಾಕಿಕೊಂಡು ಗುಣಿಸಿ.

ಒಂದು ಹಳೆಯ ಮಾತು ಇನ್ನೂ ಓಣಿಯಲ್ಲಿ ಓಡಾಡುತ್ತಿದೆ: "ನೂರರ ಒಳಗ ಇಡ್ರಿ, ದರ ಕಮ್ಮಿ ಬೀಳ್ತದ." ಅದು 2024ರ ಮಾರ್ಚ್‌ವರೆಗಿನ ಕತೆ. ಆಗ ನೂರು ಯೂನಿಟ್ ದಾಟಿದರೆ ಎಲ್ಲ ಯೂನಿಟ್‌ಗೂ 7 ರೂಪಾಯಿ ಬೀಳುತ್ತಿತ್ತು. ಈಗ ಎಲ್ಲ ಯೂನಿಟ್‌ಗೂ ಒಂದೇ ದರ. ನೂರರ ಗೆರೆ ಮರೆತುಬಿಡಿ. ಇನ್ನೂರರ ಗೆರೆ ನೆನಪಿಡಿ.

ಹೆಜ್ಜೆ 2: ನೀವು ಯಾವ ಗುಂಪು ನೋಡಿ

ಗೃಹಜ್ಯೋತಿಯಲ್ಲಿ ನಿಮಗೆ ಸಿಗುವ ಉಚಿತ ಯೂನಿಟ್ ಅಂದರೆ ಸಾಮಾನ್ಯವಾಗಿ 2022-23ರ ನಿಮ್ಮ ತಿಂಗಳ ಸರಾಸರಿ, ಅದರ ಮೇಲೆ ಶೇ 10. ಆಗ ಸರಾಸರಿ 100 ಇದ್ದರೆ ಈಗ 110. ಅದರೊಳಗೆ ಬಳಸಿದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರೊಳಗೆ ಇದ್ದರೆ ಹೆಚ್ಚಿಗೆ ಬಳಸಿದ ಯೂನಿಟ್‌ಗೆ ಹಣ. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ವರ್ಷವಿಡೀ ಸೊನ್ನೆ ಬಿಲ್ ಬರುವವರು ಲೋಡ್ ಇಳಿಸಲು ಓಡಾಡುವುದು ಬೇಡ. ನಿಮ್ಮ ನಿಗದಿತ ಶುಲ್ಕವನ್ನೂ ಸರ್ಕಾರವೇ ಕಟ್ಟುತ್ತಿದೆ. ಬಹುತೇಕ ತಿಂಗಳು 200 ದಾಟುವವರಿಗೆ, ಗೃಹಜ್ಯೋತಿ ಇಲ್ಲದವರಿಗೆ ಮುಂದಿನ ಹೆಜ್ಜೆಯೇ ಮುಖ್ಯ.

ಹೆಜ್ಜೆ 3: ಲೋಡ್ ಲೆಕ್ಕ ಹಾಕಿ

ಇಲ್ಲಿ ನಿಧಾನ ಮಾಡಿ. ಹೆಚ್ಚಿನವರು ಎಡವುವುದನ್ನು ನಾನು ನೋಡಿರುವುದು ಇದೇ ಜಾಗದಲ್ಲಿ.

ನಮ್ಮ ಅಕ್ಕನ ಫ್ಲ್ಯಾಟಿಗೆ ಕಟ್ಟಿಸಿದವರು 5 ಕಿಲೋವ್ಯಾಟ್ ಹಾಕಿಸಿ ಕೊಟ್ಟಿದ್ದರು. ಇಳಿಸಕ್ಕಾ ಅಂದರೆ ಅವಳದು ಒಂದೇ ಮಾತು: "ಬಿಸಿಲಾಗ ಎರಡು ಕೂಲರ್, ನಾಕು ಫ್ಯಾನ್ ಓಡತಾವ, ಲೋಡ್ ಕಮ್ಮಿ ಹ್ಯಾಂಗ ಮಾಡಲಿ?" ಕೇಳಿದರೆ ಸರಿ ಅನಿಸುತ್ತದೆ ಅಲ್ವಾ? ಒಂದು ಭಾನುವಾರ ಅವಳ ಅಡುಗೆ ಕಟ್ಟೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೂತೆವು. ಬೇಸಿಗೆ ಮಧ್ಯಾಹ್ನದ ಲೆಕ್ಕ ಮೊದಲು ಬರೆದೆವು. ಎರಡು ಕೂಲರ್ 400 ವ್ಯಾಟ್. ನಾಲ್ಕು ಫ್ಯಾನ್ 300. ಫ್ರಿಜ್ 150. ಟಿವಿ 100. ಐದು ಎಲ್‌ಇಡಿ ಬಲ್ಬ್ 50. ಒಟ್ಟು 1000 ವ್ಯಾಟ್. ಬರೀ ಒಂದು ಕಿಲೋವ್ಯಾಟ್!

ಆಮೇಲೆ ಡಿಸೆಂಬರ್ ಬೆಳಗಿನ ಏಳು ಗಂಟೆ ಬರೆದೆವು. ಗೀಸರ್ 2000. ಅದೇ ಹೊತ್ತಿಗೆ ನಲ್ಲಿ ನೀರು ಬಂದಿರುತ್ತದೆ, ಸಂಪಿನ ಮೋಟಾರ್ ಓಡುತ್ತದೆ. 1 ಎಚ್‌ಪಿ ಮೋಟಾರ್‌ಗೆ ಹೆಸರಿಗೆ 746 ವ್ಯಾಟ್, ಆದರೆ ಎಳೆಯುವುದು ಅದಕ್ಕಿಂತ ಜಾಸ್ತಿ. 1000 ಅಂತಲೇ ಹಿಡಿಯಿರಿ. ಶಾಲೆಯ ಬಟ್ಟೆಗೆ ಇಸ್ತ್ರಿ ಪೆಟ್ಟಿಗೆ 1000. ಚಟ್ನಿಗೆ ಮಿಕ್ಸಿ 500. ಫ್ರಿಜ್ 150, ಬಲ್ಬ್ 50. ಒಟ್ಟು 4700 ವ್ಯಾಟ್.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ: ನಮ್ಮ ಕಡೆ ಯೂನಿಟ್ ಏರುವುದು ಬೇಸಿಗೆಯಲ್ಲಿ, ಲೋಡ್ ಏರುವುದು ಚಳಿಗಾಲದ ಬೆಳಗ್ಗೆ. ಕೂಲರ್ ಸ್ವಲ್ಪ ಸ್ವಲ್ಪವೇ ಎಳೆದರೂ ದಿನವಿಡೀ ಎಳೆಯುತ್ತದೆ. ಗೀಸರ್ ಹತ್ತು ನಿಮಿಷದಲ್ಲೇ ಗಬಗಬನೆ ಎಳೆಯುತ್ತದೆ. ಮೇ ತಿಂಗಳಲ್ಲಿ ಲೆಕ್ಕ ಹಾಕಿ 2 ಕಿಲೋವ್ಯಾಟ್‌ಗೆ ಇಳಿಸಿಕೊಂಡವರು ಡಿಸೆಂಬರ್‌ನಲ್ಲಿ ಪೇಚಿಗೆ ಸಿಕ್ಕುತ್ತಾರೆ. ನೀವು ಒಮ್ಮೆಗೆ ಎಳೆದ ಅತಿ ಹೆಚ್ಚು ಲೋಡ್ ಮೀಟರ್‌ನಲ್ಲಿ ದಾಖಲಾಗುತ್ತದೆ. ಮಂಜೂರಾತಿ ಮೀರಿದರೆ ಹೆಚ್ಚಾದಷ್ಟಕ್ಕೆ ದಂಡದ ದರ.

ಇನ್ನು ಕೆಲವರು ಮನೆಯಲ್ಲಿರುವ ಎಲ್ಲ ಸಾಮಾನಿನ ವ್ಯಾಟ್ ಕೂಡಿಸಿ ಏಳು ಕಿಲೋವ್ಯಾಟ್ ಬೇಕು ಅನ್ನುತ್ತಾರೆ. ಕೂಲರ್ ಮತ್ತು ಗೀಸರ್ ಎಂದಾದರೂ ಒಟ್ಟಿಗೆ ಓಡುತ್ತವೆಯಾ? ಒಟ್ಟಿಗೆ ಓಡುವುದನ್ನು ಮಾತ್ರ ಕೂಡಿಸಿ.

ಅಕ್ಕನ ಮನೆಯಲ್ಲಿ ಎರಡೇ ಅಭ್ಯಾಸ ಬದಲಾದವು. ಇಸ್ತ್ರಿ ಹಿಂದಿನ ರಾತ್ರಿ. ಗೀಸರ್ ಆಫ್ ಮಾಡಿದ ಮೇಲೆಯೇ ಮೋಟಾರ್. ಈಗ ಬೆಳಗಿನ ಲೆಕ್ಕ ಗೀಸರ್ 2000, ಮಿಕ್ಸಿ 500, ಫ್ರಿಜ್ 150, ಬಲ್ಬ್ 50. ಒಟ್ಟು 2700. ಅಂದರೆ 3 ಕಿಲೋವ್ಯಾಟ್ ಸಾಕು. 5ಕ್ಕೆ ತಿಂಗಳಿಗೆ 725 ರೂಪಾಯಿ, 3ಕ್ಕೆ 435. ಪ್ರತಿ ತಿಂಗಳೂ ಪೂರ್ತಿ ಬಿಲ್ ಕಟ್ಟುವ ಮನೆಗೆ ವರ್ಷಕ್ಕೆ 3480 ರೂಪಾಯಿ ಉಳಿಯಿತು.

ಗ್ಯಾಸ್ ತುಟ್ಟಿ ಆಯಿತೆಂದು ಇಂಡಕ್ಷನ್ ಒಲೆ ತಂದಿದ್ದರೆ ಅದನ್ನೂ ಸೇರಿಸಿ. ಅದೊಂದೇ ಒಂದೂವರೆಯಿಂದ ಎರಡು ಕಿಲೋವ್ಯಾಟ್ ಎಳೆಯುತ್ತದೆ. ಬೆಳಗಿನ ಅಡುಗೆ ಅದರಲ್ಲೇ ಆಗುವ ಮನೆಯಲ್ಲಿ ಲೋಡ್ ಇಳಿಸಬೇಡಿ.

ಹೆಜ್ಜೆ 4: ಇನ್ನೂರರ ಗೆರೆ ಕಾಯಿರಿ

ಉಚಿತ ಮಿತಿ 110 ಇರುವ ಮನೆಯನ್ನೇ ತೆಗೆದುಕೊಳ್ಳಿ. 200 ಯೂನಿಟ್ ಬಳಸಿದರೆ ಹೆಚ್ಚಿನ 90 ಯೂನಿಟ್‌ಗೆ 522 ರೂಪಾಯಿ. 201 ಬಳಸಿದರೆ ಎಲ್ಲ 201 ಯೂನಿಟ್‌ಗೆ 1165 ರೂಪಾಯಿ 80 ಪೈಸೆ. ಇದು ಬರೀ ಯೂನಿಟ್ ಲೆಕ್ಕ. ಪೂರ್ತಿ ಬಿಲ್ ಅಂದ ಮೇಲೆ ನಿಗದಿತ ಶುಲ್ಕ, ತೆರಿಗೆ, ಇಂಧನ ಹೊಂದಾಣಿಕೆ ಎಲ್ಲ ಸೇರುತ್ತದೆ. ಒಂದೇ ಒಂದು ಯೂನಿಟ್‌ಗೆ ಇಷ್ಟು ವ್ಯತ್ಯಾಸ.

ಈ ಲೆಕ್ಕ ಒಂದನೇ ತಾರೀಕಿನಿಂದ ಶುರುವಾಗುವುದಿಲ್ಲ. ಮೀಟರ್ ರೀಡರ್ ಬಂದುಹೋದ ದಿನದಿಂದ ಶುರು. ಆ ದಿನದ ರೀಡಿಂಗನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ಆಮೇಲೆ ಪ್ರತಿ ಭಾನುವಾರ ಒಮ್ಮೆ. ವಾರಕ್ಕೆ 46 ಯೂನಿಟ್ ದಾಟಿದರೆ ಎಚ್ಚರ. ಇಪ್ಪತ್ತನೇ ದಿನಕ್ಕೆ 133 ದಾಟಿದ್ದರೆ ಉಳಿದ ಹತ್ತು ದಿನ ಬಿಗಿ ಹಿಡಿಯಬೇಕು.

ಏಪ್ರಿಲ್, ಮೇನಲ್ಲಿ ಏಸಿ ಬೇಕೇ ಬೇಕು ಅನ್ನುವವರಿಗೆ ನನ್ನ ಮಾತು: ಮೊದಲು ಕೂಲರ್ ಸರಿಯಾಗಿ ಇಟ್ಟು ನೋಡಿ. ನಮ್ಮದು ಒಣ ಬಿಸಿಲು, ಕೂಲರ್‌ಗೆ ಹೇಳಿ ಮಾಡಿಸಿದ್ದು. 200 ವ್ಯಾಟ್ ಕೂಲರ್ ದಿನಕ್ಕೆ 12 ತಾಸು ಓಡಿದರೆ ತಿಂಗಳಿಗೆ 72 ಯೂನಿಟ್. ಒಂದೂವರೆ ಟನ್ ಏಸಿ ರಾತ್ರಿ ಆರು ತಾಸು ಓಡಿದರೆ ದಿನಕ್ಕೆ ಏಳು ಯೂನಿಟ್‌ವರೆಗೂ ತಿನ್ನಬಹುದು. ಅಷ್ಟಾದರೆ ಅದೊಂದೇ ಇನ್ನೂರು ದಾಟಿಸುತ್ತದೆ. ಕೂಲರ್ ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿಕೊಂಡರೆ ಅಂಟಂಟು ಸೆಕೆ. ಕಿಟಕಿಯ ಹೊರಗಡೆ ಇಡಿ, ಎದುರಿನ ಕಿಟಕಿ ತೆರೆದಿಡಿ. ನಮ್ಮ ಬೋರ್ ನೀರಿನ ಉಪ್ಪು ಹುಲ್ಲಿನ ಪ್ಯಾಡ್‌ಗೆ ಬಿಳಿ ಹೆಕ್ಕಳಿಕೆಯಂತೆ ಕಟ್ಟುತ್ತದೆ, ಗಾಳಿ ಒಳಗೆ ಬರುವುದಿಲ್ಲ. ಪ್ರತಿ ಬೇಸಿಗೆಗೆ ಹೊಸ ಪ್ಯಾಡ್ ಹಾಕಿಸಿ.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಹೆಚ್ಚು ಓಡುವ ಫ್ಯಾನ್ ಮೊದಲು ಬದಲಿಸಿ. 75 ವ್ಯಾಟ್‌ನ ಹಳೆಯ ಫ್ಯಾನ್ ಜಾಗದಲ್ಲಿ 30-35 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ, ದಿನಕ್ಕೆ 15 ತಾಸಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 18 ಯೂನಿಟ್ ಉಳಿಯುತ್ತದೆ. ಪ್ಲಗ್‌ಗೆ ಚುಚ್ಚುವ "ಪವರ್ ಸೇವರ್" ಡಬ್ಬಿ ಮಾತ್ರ ತರಬೇಡಿ. ಅದರೊಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್, ಒಂದು ಸಣ್ಣ ಬಲ್ಬ್. ಮನೆ ಬಿಲ್ ಆಗುವುದು ಯೂನಿಟ್ ಮೇಲೆ, ಆ ಡಬ್ಬಿ ಯೂನಿಟ್ ಇಳಿಸುವುದಿಲ್ಲ. ಸುಮ್ನೆ ದುಡ್ಡು ದಂಡ.

ಹೆಜ್ಜೆ 5: ಮೀಟರ್ ಯಾವ ಹೆಸರಿನಲ್ಲಿ, ಯಾವ ವರ್ಗದಲ್ಲಿ ಇದೆ ನೋಡಿ

ಮುಂದಿನ ಕೋಣೆಯಲ್ಲಿ ಕಿರಾಣಿ ಅಂಗಡಿ ಇದ್ದರೆ ಅದಕ್ಕೆ ಬೇರೆ ಮೀಟರ್ ಹಾಕಿಸಿ. ಮನೆ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕದ ದರ ಜಾಸ್ತಿ, ಗೃಹಪ್ರವೇಶ ಆದ ಮೇಲೂ ಅದರಲ್ಲೇ ಉಳಿಯಬೇಡಿ. ಬಾಡಿಗೆ ಮನೆ ಬಿಡುವಾಗ ಹಳೆಯ ಆರ್‌ಆರ್ ಸಂಖ್ಯೆಯಿಂದ (ಬಿಲ್ ಮೇಲಿರುವ ಸಂಪರ್ಕದ ಸಂಖ್ಯೆ) ನಿಮ್ಮ ಆಧಾರ್ ಬಿಡಿಸಿಕೊಳ್ಳಿ. ಇಲ್ಲದಿದ್ದರೆ ಹೊಸ ಮನೆಗೆ ಗೃಹಜ್ಯೋತಿ ಕೂರುವುದಿಲ್ಲ. ಇದು ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲೇ ಆಗುತ್ತದೆ.

ಹೆಜ್ಜೆ 6: ಸೋಲಾರ್ ಬೇಕಾ?

ವರ್ಷದ ಹೆಚ್ಚಿನ ತಿಂಗಳು 250-300 ಯೂನಿಟ್ ಬಳಸುವ ಸ್ವಂತ ಮನೆಯವರು ಖಂಡಿತ ಯೋಚಿಸಿ. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟ್‌ಗೆ 30,000, 2ಕ್ಕೆ 60,000, 3 ಮತ್ತು ಮೇಲ್ಪಟ್ಟಿದ್ದಕ್ಕೆ 78,000 ರೂಪಾಯಿ ಸಹಾಯಧನ ಇದೆ. ಅದು ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. "ಸಬ್ಸಿಡಿ ನಾನು ತೆಗೆಸಿಕೊಡ್ತೀನಿ, ಮುಂಗಡ ಕೊಡಿ" ಎಂದು ಮನೆ ಬಾಗಿಲಿಗೆ ಬಂದವರಿಗೆ ಹಣ ಕೊಡಬೇಡಿ. ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿತ ಮಾರಾಟಗಾರರ ಹೆಸರಿದೆಯಾ ನೋಡಿಯೇ ಮುಂದುವರಿಯಿರಿ.

ಹೆಜ್ಜೆ 7: ಅರ್ಜಿ ಕೊಡಿ

ಲೋಡ್ ಇಳಿಸಲು ನಿಮ್ಮ ಭಾಗದ ಜೆಸ್ಕಾಂ ಉಪವಿಭಾಗ ಕಚೇರಿಗೆ ಹೋಗಿ. ಇತ್ತೀಚಿನ ಬಿಲ್, ಗುರುತಿನ ಚೀಟಿ ಒಯ್ಯಿರಿ. ಬಾಕಿ ಇದ್ದರೆ ಮೊದಲು ಕಟ್ಟಿ. ಸ್ವೀಕೃತಿ ಪತ್ರ ಕೇಳಿ ಪಡೆಯಿರಿ, ಬಾಯಿಮಾತಿಗೆ ಹೂಂ ಅಂದು ಬರಬೇಡಿ. ಅಕ್ಕನ ಮುಂದಿನ ಬಿಲ್‌ನಲ್ಲೂ 5 ಕಿಲೋವ್ಯಾಟ್ ಅಂತಲೇ ಇತ್ತು. ಸ್ವೀಕೃತಿ ಕೈಯಲ್ಲಿದ್ದದ್ದಕ್ಕೆ ಅದೇ ವಾರ ಹೋಗಿ ತೋರಿಸಿದಳು, ಅದರ ಮುಂದಿನ ಬಿಲ್‌ನಲ್ಲಿ 3 ಬಂತು. ಕಚೇರಿಗೆ ಹೋಗಲಾಗದಿದ್ದರೆ 1912ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅವರು ಹೇಳುವ ದೂರಿನ ಸಂಖ್ಯೆಯನ್ನು ಅದೇ ಕ್ಯಾಲೆಂಡರ್ ಮೇಲೆ ಬರೆದಿಡಿ.