ಚುನಾವಣೆ ಹೊತ್ತಿನ ಫಾರ್ವರ್ಡ್: ಮೂಲ ಹುಡುಕುವ ಬಗೆ

ಚುನಾವಣೆ ಬಂತೆಂದರೆ ತೀರ್ಥಹಳ್ಳಿ, ಸಾಗರದ ಅಡಿಕೆ ಧಾರಣೆ ಗ್ರೂಪುಗಳಿಗೂ ಎಲ್ಲಿಯದೋ ವಿಡಿಯೊ ನುಗ್ಗುತ್ತದೆ. ಹೊರದೇಶದ ಕೈವಾಡ ಕಟ್ಟುಕತೆಯಲ್ಲ. 2016ರ ಅಮೆರಿಕ ಚುನಾವಣೆಯಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದು ಕಚೇರಿಯ ಕೆಲಸಗಾರರು ಅಮೆರಿಕನ್ನರ ವೇಷದಲ್ಲಿ ಫೇಸ್‌ಬುಕ್ ಪೇಜು ನಡೆಸಿದರು. ಕೆಲವು ಜಾಹೀರಾತಿಗೆ ರೂಬಲ್‌ನಲ್ಲೇ ಹಣ ಕಟ್ಟಿದ್ದರು.

ಮೊದಲು ಲಿಂಕ್. ಒತ್ತುವ ಮುಂಚೆ ವಿಳಾಸವನ್ನು ಅಕ್ಷರ ಅಕ್ಷರ ಓದಿ. 2022ರಲ್ಲಿ ಬಯಲಾದ ರಷ್ಯನ್ ಜಾಲವೊಂದು ಫ್ರಾನ್ಸ್‌ನ ಲ ಮಾಂಡ್, ಜರ್ಮನಿಯ ಡೆರ್ ಷ್ಪೀಗಲ್ ಪತ್ರಿಕೆಗಳ ತದ್ರೂಪಿ ತಾಣ ಕಟ್ಟಿತ್ತು. ಲೋಗೊ, ಅಕ್ಷರ ಎಲ್ಲ ಹಾಗೇ. ವಿಳಾಸದ ಬಾಲ (.com, .in ಥರದ ಕೊನೆಯ ತುಂಡು) ಮಾತ್ರ ಬೇರೆ. ಹಾಗಾಗಿ ಪತ್ರಿಕೆಯ ತಾಣವನ್ನು ನೀವೇ ಟೈಪ್ ಮಾಡಿ ತೆರೆದು ಅದೇ ತಲೆಬರಹ ಹುಡುಕಿ.

ವಿಡಿಯೊ ಆದರೆ ಬೋರ್ಡು, ಕಟ್ಟಡ ಸ್ಪಷ್ಟವಾಗಿರುವ ಕಡೆ ನಿಲ್ಲಿಸಿ ಮೂರು ನಾಲ್ಕು ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲಂಟಿಸಿದ ಬರಹ ಕತ್ತರಿಸಿ, ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಹಾಕಿ. ಬರಹ ಉಳಿದರೆ ಲೆನ್ಸ್ ಅದನ್ನೇ ಹಿಡಿದು ದಾರಿ ತಪ್ಪುತ್ತದೆ. ಏನೂ ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಇನ್ನೊಮ್ಮೆ ನೋಡಿ. ಎಷ್ಟೋ ಹಳೆಯ ವಿಡಿಯೊಗಳನ್ನು ಕನ್ನಡಿ ಮಾಡಿಯೇ ಬಿಟ್ಟಿರುತ್ತಾರೆ.

ಫೇಸ್‌ಬುಕ್ ಪೇಜಿನ ಪಾರದರ್ಶಕತೆ ವಿಭಾಗದಲ್ಲಿ ಹಳೆಯ ಹೆಸರು, ನಡೆಸುವವರ ದೇಶ ಕಾಣುತ್ತದೆ. ಮಲೆನಾಡಿನ ಹೆಸರಿನ ಪೇಜು ಮೊದಲು ಹಾಸ್ಯದ ಪೇಜಾಗಿದ್ದರೆ ಅನುಮಾನಿಸಿ. ದೇಶ ಸರಿ ಇದ್ದ ಮಾತ್ರಕ್ಕೆ ನಂಬಬೇಡಿ, ಇಂಟರ್‌ನೆಟ್‌ನಲ್ಲಿ ಬೇರೆ ಜಾಗದಿಂದ ಬಂದಂತೆ ತೋರಿಸುವ ವಿಪಿಎನ್ ಅದನ್ನು ಮರೆಮಾಚಬಲ್ಲದು.

ಮತದಾನದ ದಿನ, ಮತಗಟ್ಟೆ ಬದಲಾಯಿತೆಂಬ ಸಂದೇಶಕ್ಕೆ ಇಷ್ಟೆಲ್ಲ ಬೇಡ: ನೇರ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಕೇಳಿ.