ಮೇಲ್ ಹೋಗುತ್ತಿಲ್ಲವೇ? ಪಾಸ್‌ವರ್ಡ್‌ಗೆ ಈಗಲೇ ಕೈ ಹಾಕಬೇಡಿ

ಗಂಗಾವತಿಯ ಒಂದು ರೈಸ್ ಮಿಲ್ ಅಂದುಕೊಳ್ಳಿ. ಲಾರಿ ಕಾಟಾದಿಂದ ಇಳಿದ ಕೂಡಲೇ ಖರೀದಿದಾರರಿಗೆ ಬಿಲ್ಲು ಮೇಲ್ ಆಗಲಿ ಎಂದು ಲೆಕ್ಕಪತ್ರ ನೋಡುವ ಹುಡುಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪುಟ್ಟ ಕೋಡ್ ಬರೆದಿದ್ದಾನೆ. ನಿನ್ನೆವರೆಗೆ ಹೋಗುತ್ತಿದ್ದ ಮೇಲ್ ಇವತ್ತು ಹೋಗುತ್ತಿಲ್ಲ, ಪರದೆ ತುಂಬ ಎರರ್. ಇಂಥ ಹೊತ್ತಿನಲ್ಲಿ ಬಹಳ ಮಂದಿ ಮೊದಲು ಮಾಡುವ ಕೆಲಸ ಜಿಮೇಲ್ ಪಾಸ್‌ವರ್ಡ್ ಬದಲಿಸುವುದು. ದಯವಿಟ್ಟು ಬೇಡ. ಮೇಲ್ ಸಾಗಿಸುವ ದೂರದ ಕಂಪ್ಯೂಟರ್, ಅಂದರೆ ಸರ್ವರ್, ಪಾಸ್‌ವರ್ಡ್ ಕೇಳುವುದು ಕೊನೆಯಲ್ಲಿ. ಅದಕ್ಕೂ ಮೊದಲು ಸರ್ವರ್‌ನ ಹೆಸರು ಸಿಗಬೇಕು, ಪೋರ್ಟ್ (ಸರ್ವರ್‌ನ ನಂಬರ್ ಹಾಕಿದ ಬಾಗಿಲು) ತೆರೆಯಬೇಕು, ಟಿಎಲ್‌ಎಸ್ (ಮಾತುಕತೆಯನ್ನು ಗೂಢಲಿಪಿಗೆ ತಿರುಗಿಸುವ ವ್ಯವಸ್ಥೆ) ಕೂಡಬೇಕು. ಎಲ್ಲಿ ಕಡಿದಿದೆ ಎಂಬುದನ್ನು ಎರರ್‌ನ ಕೊನೆಯ ಸಾಲೇ ಹೇಳುತ್ತದೆ.

ಆ ಸಾಲಿನಲ್ಲಿ ‘ಗೆಟ್‌ಅಡ್ರ್‌ಇನ್ಫೊ ಫೇಲ್ಡ್’ ಎಂದಿದ್ದರೆ ಸರ್ವರ್‌ನ ಹೆಸರೇ ಪತ್ತೆಯಾಗಿಲ್ಲ. ಬ್ರೌಸರ್‌ನಲ್ಲಿ ನೆಟ್ ಬರುತ್ತಿದ್ದರೆ ಹೆಸರಿನ ಸ್ಪೆಲ್ಲಿಂಗ್ ನೋಡಿ. ಕಾನ್ಫಿಗ್ ಫೈಲ್‌ನಲ್ಲಿ ಹೆಸರಿನ ಹಿಂದೆ ಮುಂದೆ ಖಾಲಿ ಸ್ಪೇಸ್ ಸೇರಿಕೊಂಡಿದ್ದರೂ ಹೀಗಾಗುತ್ತದೆ.

‘ಕನೆಕ್ಷನ್ ರಿಫ್ಯೂಸ್ಡ್’ ಬಂದರೆ, ಅಂದರೆ ಲಿನಕ್ಸ್‌ನಲ್ಲಿ 111, ವಿಂಡೋಸ್‌ನಲ್ಲಿ 10061, ಹೆಚ್ಚಾಗಿ ಆ ಪೋರ್ಟ್‌ನಲ್ಲಿ ಯಾವ ಸೇವೆಯೂ ನಡೆಯುತ್ತಿಲ್ಲ. ಎಲ್ಲಿಂದಲೋ ತಂದ ಕೋಡ್‌ನಲ್ಲಿ ‘ಲೋಕಲ್‌ಹೋಸ್ಟ್’ (ಅಂದರೆ ಇದೇ ಕಂಪ್ಯೂಟರ್) ಹಾಗೇ ಉಳಿದಿದೆಯೇ ನೋಡಿ. ‘ಟೈಮ್ಡ್ ಔಟ್’ ಬೇರೆ ಕಥೆ: ಉತ್ತರವೇ ಬಂದಿಲ್ಲ, ನಡುವೆ ಫೈರ್‌ವಾಲ್ ಎಂಬ ನೆಟ್‌ವರ್ಕ್ ಕಾವಲು ನುಂಗಿರಬಹುದು. ಸ್ಪ್ಯಾಮ್ ತಡೆಯಲು ಪೋರ್ಟ್ 25 ಅನ್ನು ಎಷ್ಟೋ ಇಂಟರ್ನೆಟ್ ಕಂಪನಿಗಳು ಮುಚ್ಚಿರುತ್ತವೆ, ಅದನ್ನು ಬಿಟ್ಟು 587 ಬಳಸಿ. ಆಗಲೂ ಆಗದಿದ್ದರೆ ಕಂಪ್ಯೂಟರ್ ಅನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ. ಅದರಲ್ಲಿ ಮೇಲ್ ಹೋದರೆ ಕೋಡ್ ಸರಿಯಿದೆ, ತೊಂದರೆ ಕಚೇರಿಯ ಲೈನ್ ಅಥವಾ ರೂಟರ್‌ನದು.

ಹೆಚ್ಚು ದಾರಿ ತಪ್ಪಿಸುವುದು ‘ರಾಂಗ್ ವರ್ಷನ್ ನಂಬರ್’. ಓದಿದರೆ ಪೈಥಾನ್ ಹಳೆಯದೇನೋ ಅನ್ನಿಸಿ, ಜನ ಅದನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ಹೆಚ್ಚಿನ ಸಲ ಕಾರಣ ಪೋರ್ಟ್ ಅದಲುಬದಲಾಗಿರುವುದು. 465ರಲ್ಲಿ ಮೊದಲ ಅಕ್ಷರದಿಂದಲೇ ಗೂಢಲಿಪಿ ಬೇಕು, ಅದಕ್ಕೆ ಪೈಥಾನ್‌ನ ಮೇಲ್ ಕಳಿಸುವ ಸಲಕರಣೆಗಳಲ್ಲಿ ‘ಎಸ್‌ಎಂಟಿಪಿ_ಎಸ್‌ಎಸ್‌ಎಲ್’ ಎಂಬುದು. 587ರಲ್ಲಿ ಮಾತು ಸಾದಾ ಶುರುವಾಗಿ ನಡುವೆ ಭದ್ರವಾಗುತ್ತದೆ, ಅದಕ್ಕೆ ಸಾದಾ ‘ಎಸ್‌ಎಂಟಿಪಿ’ ಬರೆದು ಲಾಗಿನ್‌ಗೂ ಮೊದಲು ‘ಸ್ಟಾರ್ಟ್‌ಟಿಎಲ್‌ಎಸ್’ ಕರೆಯಬೇಕು. 465ಕ್ಕೆ ಸಾದಾ ‘ಎಸ್‌ಎಂಟಿಪಿ’ ಹಾಕಿದರೆ ಎರಡೂ ಕಡೆ ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತವೆ. ಟೈಮ್‌ಔಟ್ 20 ಸೆಕೆಂಡ್ ಎಂದು ಕೋಡ್‌ನಲ್ಲೇ ಬರೆದಿಟ್ಟರೆ ಹಾಗೆ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

‘ಸರ್ಟಿಫಿಕೇಟ್ ವೆರಿಫೈ ಫೇಲ್ಡ್’ ಬಂದರೆ, ಅಂದರೆ ಸರ್ವರ್ ಗುರುತಿಗೆ ತೋರಿಸುವ, ಅವಧಿಯುಳ್ಳ ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ, ಮೊದಲು ಕಂಪ್ಯೂಟರ್‌ನ ಗಡಿಯಾರ ನೋಡಿ. ಹಳೆಯ ಕಂಪ್ಯೂಟರ್‌ಗಳಲ್ಲಿ ಮದರ್‌ಬೋರ್ಡ್‌ನ ಸೆಲ್ ಮುಗಿದಿದ್ದರೆ ಕರೆಂಟ್ ಹೋಗಿ ಬಂದ ಮೇಲೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ತಪಾಸಣೆಯನ್ನೇ ಬಂದ್ ಮಾಡುವ ಉಪಾಯ ಬೇಡ, ಬಿಲ್ಲಿನ ಜೊತೆ ಪಾಸ್‌ವರ್ಡ್ ಕೂಡ ಕಂಡವರ ಕೈ ಸೇರಬಹುದು.

535, ಅಂದರೆ ಸರ್ವರ್ ಲಾಗಿನ್ ಒಪ್ಪದ ಎರರ್, ಬಂದರೆ ಮಾತ್ರ ಲಾಗಿನ್ ಕಡೆ ತಿರುಗಿ. ಖಾಸಗಿ ಜಿಮೇಲ್ ಖಾತೆಗಳಲ್ಲಿ ಮಾಮೂಲಿ ಪಾಸ್‌ವರ್ಡ್‌ನಿಂದ ಕೋಡ್ ಲಾಗಿನ್ ಆಗುವ ಸೌಲಭ್ಯವನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿದೆ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ಇಂಥ ಕೋಡ್‌ಗೆಂದೇ ಗೂಗಲ್ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಅದನ್ನೇ ಕೋಡ್‌ಗೆ ಕೊಡಬೇಕು. ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಹಳೆಯ ಆ್ಯಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ಗಾಬರಿಯಲ್ಲಿ ಬದಲಿಸಬೇಡಿ ಎಂದದ್ದು ಇದಕ್ಕೇ: ಪೋರ್ಟ್‌ನ ತೊಂದರೆ ಇದ್ದ ಕಡೆ ಲಾಗಿನ್ ತೊಂದರೆಯೂ ಸೇರಿ ಎರಡಾಗುತ್ತವೆ.

ಇಷ್ಟಾದರೂ ಬಗೆಹರಿಯದಿದ್ದರೆ ‘ಸೆಟ್_ಡೀಬಗ್‌ಲೆವೆಲ್’ಗೆ 1 ಕೊಟ್ಟು ಓಡಿಸಿ, ಸರ್ವರ್ ಜೊತೆ ನಡೆದ ಮಾತುಕತೆಯೆಲ್ಲ ಕಾಣುತ್ತದೆ. ಅದನ್ನು ಸ್ನೇಹಿತರ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕುವ ಮೊದಲು ‘ಆಥ್’ ಎಂದಿರುವ ಸಾಲನ್ನೂ ಅದರ ಬೆನ್ನಿಗೇ ಹೋದ ಗೋಜಲು ಅಕ್ಷರಗಳನ್ನೂ ಅಳಿಸಿ. ಅದು ಬರೀ ಬೇಸ್64, ಅಂದರೆ ಅಕ್ಷರ ಬದಲಿಸಿ ಬರೆಯುವ ರೀತಿ, ಗೂಢಲಿಪಿಯಲ್ಲ; ಯಾರು ಬೇಕಾದರೂ ಬಿಡಿಸಿ ನಿಮ್ಮ ಪಾಸ್‌ವರ್ಡ್ ಓದಬಹುದು.