ಒಂದೇ ಮಗು, ಮೂರು ಲೆಕ್ಕ

ಪುಣೆಯ ವಾಕಡ್‌ನಲ್ಲಿ ಒಂದು ದೊಡ್ಡ ಕಟ್ಟಡ ಏಳುತ್ತಿತ್ತು. ಅಲ್ಲಿ ಯಾದಗಿರಿ ಕಡೆಯ ಒಂದು ಕುಟುಂಬ ಕೆಲಸಕ್ಕಿತ್ತು. ಅವರ ಎರಡು ವರ್ಷದ ಮಗಳು ನಮ್ಮ ಯೋಜನೆಯ ಕಾಗದದಲ್ಲಿ ಮೂರು ಮಕ್ಕಳಾಗಿದ್ದಳು. ಪಾಳಣಾಘರ, ಅಂದರೆ ಕೂಸಿನ ಮನೆ, ನಡೆಸುವ ಸಂಸ್ಥೆಯ ಹಾಜರಿಯಲ್ಲಿ ಒಂದು ಹೆಸರು. ಆರೋಗ್ಯ ತಪಾಸಣೆಯವರ ಕಾರ್ಡಿನಲ್ಲಿ ಅದೇ ಹೆಸರು, ಬೇರೆ ಸ್ಪೆಲಿಂಗ್. ಮುಂದೆ ಕೂಲಿಯವರನ್ನು ಕರೆತರುವ ಮುಕಾದಮ್ ಆ ಕುಟುಂಬವನ್ನು ಹಡಪ್ಸರ್‌ನ ಸೈಟಿಗೆ ಕರೆದೊಯ್ದ. ಅಲ್ಲಿ ಮತ್ತೆ ಹೊಸ ದಾಖಲಾತಿ.

ನಾನು ಧಾರವಾಡದವಳು, ಪುಣೆಗೆ ಬಂದು ಬಹಳ ವರ್ಷವಾಯಿತು. 2019ರಲ್ಲಿ ಯುರೋಪಿನ ಒಂದು ಸಂಸ್ಥೆಯ ನೆರವಿನ ಯೋಜನೆಯನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲಿತ್ತು. ಕಟ್ಟಡ ಕಾರ್ಮಿಕರ ಪುಟ್ಟ ಮಕ್ಕಳ ಆರೈಕೆ ಅದರ ಕೆಲಸ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ, 50ಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು ದುಡಿಯುವ ಕಡೆ ಅವರ 6 ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಲೇಬೇಕಿತ್ತು. ಆದರೆ ಸಣ್ಣ ಸಣ್ಣ ಸೈಟುಗಳಲ್ಲಿ ಆ ಲೆಕ್ಕಕ್ಕೆ ಬಾರದ ತಾಯಂದಿರೇ ಜಾಸ್ತಿ. ಅಂಥ ಕಡೆ ನಾವು ನಾಲ್ಕು ಸಂಸ್ಥೆಗಳು ಸೇರಿ ದುಡಿಯುತ್ತಿದ್ದೆವು. ದುಡ್ಡು ನಮ್ಮ ಸಂಸ್ಥೆಗೆ ಬರುತ್ತಿತ್ತು, ನಾವು ಉಳಿದ ಮೂವರಿಗೆ ಹಂಚುತ್ತಿದ್ದೆವು.

ಯೋಜನೆಯ ಗುರಿಪಟ್ಟಿ, ಅಂದರೆ ಲಾಗ್‌ಫ್ರೇಮ್, ಚೆನ್ನಾಗಿಯೇ ಇತ್ತು. ಗುರಿ, ಸೂಚಕ, ಪುರಾವೆ, ಎಲ್ಲಾ ಕೋಷ್ಟಕವೂ ತುಂಬಿತ್ತು. ನಾವು ಮಾತಾಡದೇ ಬಿಟ್ಟದ್ದು ಪದಗಳ ಬಗ್ಗೆ. ‘ಅಪೌಷ್ಟಿಕ ಮಗು’ ಅಂತ ಎಲ್ಲರೂ ಬರೆಯುತ್ತಿದ್ದೆವು. ಆರೋಗ್ಯ ಸಂಸ್ಥೆಯವರು ತೋಳಿಗೆ ಟೇಪು ಸುತ್ತಿ ಅಳೆಯುತ್ತಿದ್ದರು. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ, 12.5ರ ಒಳಗಿದ್ದರೆ ಮಧ್ಯಮ. ಪಾಳಣಾಘರದವರು ವಯಸ್ಸಿಗೆ ತಕ್ಕ ತೂಕ ನೋಡುತ್ತಿದ್ದರು. ಎರಡೂ ಸರಿಯಾದ ಅಳತೆಗಳೇ. ಆದರೆ ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಮಾಡಿದರೆ ಅದಕ್ಕೆ ಅರ್ಥವೇ ಇರುವುದಿಲ್ಲ, ಅಲ್ವಾ? ನಮ್ಮ ಮೊದಲ ವರದಿಯಲ್ಲಿ ಆದದ್ದು ಅದೇ. ಅದನ್ನು ವಾಪಸ್ ತೆಗೆದುಕೊಂಡು, ತಿದ್ದಿ, ಮತ್ತೆ ಕಳಿಸಿದೆವು.

ಆಮೇಲೆ ನಾನು ಎರಡು ದಿನ ನಾಲ್ಕೂ ಸಂಸ್ಥೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿದೆ. ಮ್ಯಾನೇಜರುಗಳ ಜೊತೆ ಫೀಲ್ಡಿನ ಹುಡುಗಿಯರೂ ಬರಬೇಕು ಅಂತ ಹಟ ಹಿಡಿದೆ. ಒಂದೇ ಒಂದು ಪುಟ ಬರೆದೆವು. ‘ಮಗು’ ಅಂದರೆ 6 ವರ್ಷದೊಳಗಿನ, ತಿಂಗಳಲ್ಲಿ ಕನಿಷ್ಠ 10 ದಿನ ಪಾಳಣಾಘರಕ್ಕೆ ಬಂದ ಮಗು. ತೋಳಿನ ಅಳತೆಗೆ ಒಂದು ಸಾಲು, ತೂಕಕ್ಕೆ ಬೇರೆ ಸಾಲು. ಗುರುತಿಗೆ ಮಗುವಿನ ಹೆಸರು ಸಾಲದು, ಫೋನ್ ನಂಬರನ್ನಂತೂ ನಂಬುವಂತಿಲ್ಲ. ತಾಯಿಯ ಹೆಸರು, ಅವಳ ಊರು, ಮಗು ಹುಟ್ಟಿದ ತಿಂಗಳು, ಈ ಮೂರನ್ನೂ ಸೇರಿಸಿ ಒಂದು ಗುರುತು ಮಾಡಿದೆವು. ಊರಿನ ಉಪಾಯ ಹೇಳಿದ್ದು ಯಾದಗಿರಿಯವಳೇ ಆದ ಒಬ್ಬ ಆಯಾ. ಸೈಟ್ ಎಷ್ಟು ಬದಲಾದರೂ ತಾಯಂದಿರು ತಮ್ಮ ಊರಿನ ಹೆಸರನ್ನು ಒಂದೇ ಥರ ಹೇಳುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು.

ಭಾಷೆಯ ಒಂದು ತಪ್ಪು ಹೇಳಲೇಬೇಕು. ಚಿಕ್ಕ ಮಕ್ಕಳ ಊಟದ ಸಮೀಕ್ಷೆಯಲ್ಲಿ ಆಹಾರವನ್ನು 8 ಗುಂಪು ಮಾಡುತ್ತಾರೆ. ಎದೆಹಾಲೂ ಅದರಲ್ಲಿ ಒಂದು. 6ರಿಂದ 23 ತಿಂಗಳ ಮಗುವಿಗೆ ಹಿಂದಿನ ದಿನ ಕನಿಷ್ಠ 5 ಗುಂಪು ಸಿಕ್ಕಿರಬೇಕು. ನಮ್ಮ ಸಮೀಕ್ಷೆ ಮರಾಠಿಯಲ್ಲಿತ್ತು. ಕಲಬುರಗಿ, ಯಾದಗಿರಿಯ ತಾಯಂದಿರ ಮಕ್ಕಳು ಸೊಪ್ಪನ್ನು ಬಹಳ ತಿನ್ನುತ್ತಾರೆ, ಬೇಳೆಕಾಳು ತಿನ್ನುವುದೇ ಇಲ್ಲ ಅಂತ ಅದರಲ್ಲಿ ಬಂತು. ನನಗೆ ನಂಬಿಕೆ ಬರಲಿಲ್ಲ. ಸೈಟಿಗೆ ಹೋಗಿ ಒಬ್ಬ ತಾಯಿಯನ್ನು ಕನ್ನಡದಲ್ಲಿ ಕೇಳಿದೆ. “ಕಾಳ ಪಲ್ಯ ರೀ ಅಕ್ಕಾರ, ಇಲ್ಲಿ ಸೊಪ್ಪು ಎಲ್ಲಿಂದ ತರಬೇಕ್ರೀ?” ಅಂದಳು. ಸಮೀಕ್ಷೆಯ ಹುಡುಗಿಗೆ ‘ಪಲ್ಯ’ ಅಂದಾಗ ಮರಾಠಿಯ ‘ಪಾಲೇಭಾಜಿ’ ಕೇಳಿಸಿತ್ತು. ಅವಳು ಸೊಪ್ಪಿನ ಮುಂದೆ ಟಿಕ್ ಹಾಕಿದ್ದಳು. ಇದ್ದ ಕಾಳು ಇಲ್ಲವಾಯಿತು, ಇಲ್ಲದ ಸೊಪ್ಪು ಬಂತು. ಅದನ್ನೇ ನಂಬಿ ನಾವು ಪಾಳಣಾಘರದ ಊಟದಲ್ಲಿ ಸೊಪ್ಪು ಬಿಟ್ಟು ಬೇಳೆ ಹೆಚ್ಚಿಸಲು ಹೊರಟಿದ್ದೆವು. ಕನ್ನಡ ಬಲ್ಲ ಇಬ್ಬರನ್ನು ಕಳಿಸಿ ಆ ಭಾಗವನ್ನು ಮತ್ತೆ ಮಾಡಿಸಿದೆವು. ಖರ್ಚಾಯಿತು, ದುಡ್ಡು ಕೊಡುವ ಯುರೋಪಿನ ಸಂಸ್ಥೆಗೆ, ಅಂದರೆ ಡೋನರ್‌ಗೆ, ಕಾರಣ ಬರೆದು ಒಪ್ಪಿಗೆ ಪಡೆದೆ.

ಹಾಗೇ ಕಾರ ಹುಣ್ಣಿಮೆ. ಡೋನರ್‌ನ ತ್ರೈಮಾಸಿಕ ಜೂನ್ 30ಕ್ಕೆ ಮುಗಿಯುತ್ತಿತ್ತು. ಆ ಹೊತ್ತಿಗೆ ನಮ್ಮ ಕಡೆಯ ಜನ ಹಬ್ಬಕ್ಕೂ ಬಿತ್ತನೆಗೂ ಊರಿಗೆ ಹೋಗಿರುತ್ತಾರೆ. ಹಾಜರಿ ಇಳಿದದ್ದನ್ನು ನೋಡಿ ಕೆಲಸ ಕೆಟ್ಟಿದೆ ಅಂತ ಡೋನರ್ ಕಡೆಯವರು ಹೆದರಿದರು. ಮಳೆಗಾಲದ ಗುರಿ ಕಡಿಮೆ ಇಟ್ಟು, ದೀಪಾವಳಿಯ ನಂತರದ ಗುರಿ ಜಾಸ್ತಿ ಇಡೋಣ ಅಂತ ಕೇಳಿಕೊಂಡೆ. ಒಪ್ಪಿದರು.

2020ರ ಮಾರ್ಚ್‌ನ ಲಾಕ್‌ಡೌನ್‌ನಲ್ಲಿ ಸೈಟುಗಳೇ ಖಾಲಿಯಾದವು. ಜನ ಮೆಲ್ಲಗೆ ಮರಳುವ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) ತಿದ್ದುಪಡಿ ಬಂತು. ವಿದೇಶದಿಂದ ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ. ಅವರ ಬಳಿ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಇಲ್ಲ. ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ದುಡ್ಡು ಮೊದಲು ದೆಹಲಿಯ ಸಂಸದ್ ಮಾರ್ಗದ ಎಸ್‌ಬಿಐ ಶಾಖೆಗೇ ಬರಬೇಕು. ನಮ್ಮ ಇಡೀ ಯೋಜನೆ ನಿಂತಿದ್ದದ್ದೇ ಹಂಚುವ ಪದ್ಧತಿಯ ಮೇಲೆ.

ಸಿಎ ಜೊತೆ ವಾರಗಟ್ಟಲೆ ಕೂತೆವು. ನೋಂದಣಿ ಇದ್ದ ಎರಡು ಸಂಸ್ಥೆಗಳ ಜೊತೆ ಡೋನರ್ ನೇರವಾಗಿ ಬೇರೆ ಬೇರೆ ಒಪ್ಪಂದ ಮಾಡಿಕೊಂಡಿತು. ಮೂರನೆಯದು ಸಣ್ಣ ಸಂಸ್ಥೆ, ತಾಯಂದಿರ ಗುಂಪು ನಡೆಸುತ್ತಿತ್ತು. ಅದಕ್ಕೆ ನೋಂದಣಿ ಇರಲಿಲ್ಲ. ಅದರ ಹಿರಿಯ ತಾಯಿ ನನ್ನ ಕೈ ಹಿಡಿದು, ಕೆಲಸ ನಿಲ್ಲಬಾರದು, ನಮ್ಮ ಹುಡುಗಿಯರನ್ನು ನೀವೇ ತಗೊಳ್ಳಿ ಅಂದರು. ಇಬ್ಬರನ್ನು ನಮ್ಮ ಸಂಬಳಕ್ಕೆ ಸೇರಿಸಿಕೊಂಡೆವು. ಅವರ ಸಂಸ್ಥೆ ಮಾತ್ರ ಯೋಜನೆಯಿಂದ ಹೊರಗಾಯಿತು. ಆ ನೋವು ನನಗೆ ಇವತ್ತಿಗೂ ಹೋಗಿಲ್ಲ.

ದುಡ್ಡು ನಮ್ಮ ಕೈಯಿಂದ ಹೋದ ಮೇಲೆ ಯಾರನ್ನೂ ಒತ್ತಾಯಿಸುವ ದಾರಿ ಉಳಿಯಲಿಲ್ಲ. ಮೊದಲಾದರೆ ವರದಿ ತಡವಾದರೆ ಮುಂದಿನ ಕಂತು ತಡೆಯಬಹುದಿತ್ತು. ಆಗ ನಮ್ಮನ್ನು ಹಿಡಿದಿಟ್ಟದ್ದು ಆ ಒಂದು ಪುಟ. ಅದನ್ನು ಮೂರೂ ಒಪ್ಪಂದಗಳಿಗೆ ಅಕ್ಷರಶಃ ಅನುಬಂಧವಾಗಿ ಸೇರಿಸಿ ಅಂತ ಡೋನರ್‌ಗೆ ಪಟ್ಟು ಹಿಡಿದು ಕೇಳಿದ್ದೆ. ಹಣ ಮೂರು ದಾರಿಯಲ್ಲಿ ಬಂದರೂ ಮಗುವಿನ ಲೆಕ್ಕ ಒಂದೇ ಆಯಿತು. ಜೊತೆಗೆ ಶುಕ್ರವಾರದ ಸಭೆ. ಆಫೀಸಿನಲ್ಲಲ್ಲ, ಯಾವುದಾದರೂ ಸೈಟಿನ ಪಾಳಣಾಘರದಲ್ಲೇ. ಪ್ರತಿ ಸಂಸ್ಥೆಯೂ ಒಂದೊಂದು ಮಗುವಿನ ಕಥೆ ತರಬೇಕು. ಪಟ್ಟಿ ಓದುವುದಕ್ಕಿಂತ ಇದರಲ್ಲಿ ಜಾಸ್ತಿ ತಪ್ಪುಗಳು ಸಿಕ್ಕವು.

ಕೊನೆಗೆ ಆರೋಗ್ಯ ಕಾರ್ಡನ್ನು ತಾಯಿಯ ಕೈಗೇ ಕೊಟ್ಟೆವು, ಒಂದು ಬದಿ ಮರಾಠಿ, ಇನ್ನೊಂದು ಬದಿ ಕನ್ನಡ. ಊರಿಗೆ ಹೋದಾಗ ಅಲ್ಲಿಯ ಅಂಗನವಾಡಿ ಅಕ್ಕನಿಗೂ ಓದಲು ಬರಬೇಕಲ್ಲ. ವಾಕಡ್‌ನ ಆ ಮಗುವಿನ ತಾಯಿ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ, ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಳು.